‘ಬೇಡ ಕಣೋ’ ಅನ್ನಲಿಕ್ಕೂ ತಾಲೀಮು ಬೇಕು

ಮೇ 31 ವಿಶ್ವ ತಂಬಾಕು ರಹಿತ ದಿನ. ಜೂನ್ 26 ಮಾದಕ ವಸ್ತು ವಿರೋಧಿ ದಿನ. ಬಹಳಷ್ಟು ಶಾಲೆಗಳಲ್ಲಿ ಈ ವಿಷಯಕ್ಕೆ ಸಿಗುವ ಜಾಗ ಹೆಚ್ಚುಕಡಿಮೆ ಇಷ್ಟೇ. ಎಲ್ಲ ತರಗತಿಗಳನ್ನೂ ಒಟ್ಟಿಗೆ ಕೂರಿಸುತ್ತಾರೆ, ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸುತ್ತಾರೆ, ಅತಿಥಿಯೊಬ್ಬರು ಮುಕ್ಕಾಲು ಗಂಟೆ ಮಾತಾಡುತ್ತಾರೆ, ಕೈ ಮುಂದೆ ಚಾಚಿ ಪ್ರತಿಜ್ಞೆ, ಒಂದು ಫೋಟೊ. ಅಲ್ಲಿಗೆ ಮುಂದಿನ ವರ್ಷದವರೆಗೆ ಬಿಡುವು.

ಸಿಗರೇಟು ಕೆಟ್ಟದ್ದು ಅನ್ನುವುದು ಹದಿಮೂರರ ಹುಡುಗನಿಗೆ ಗೊತ್ತಿಲ್ಲ ಎಂಬ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ. ಅವನಿಗೆ ಗೊತ್ತು, ಪ್ಯಾಕೆಟ್ಟಿನ ಮೇಲೇ ಬರೆದಿರುತ್ತದೆ. ಗೊತ್ತಿಲ್ಲದ್ದು ಬೇರೆ. ದೊಡ್ಡ ಕ್ಲಾಸಿನ ಹುಡುಗ ಕೈ ಚಾಚಿ ‘ಒಂದ್ ದಮ್ ಎಳಿಯೋ, ಏನಾಗಲ್ಲ’ ಅಂದಾಗ, ಸುತ್ತ ನಾಲ್ಕು ಜನ ನೋಡುತ್ತಿರುವಾಗ, ಮರ್ಯಾದೆ ಕಳೆದುಕೊಳ್ಳದೆ ಏನು ಹೇಳುವುದು? ಅದು ಅರ್ಧ ನಿಮಿಷದ ವ್ಯವಹಾರ. ನಲವತ್ತು ವರ್ಷ ಆಚೆಯ ಕ್ಯಾನ್ಸರ್ ಆ ಅರ್ಧ ನಿಮಿಷದಲ್ಲಿ ನೆನಪಿಗೆ ಬರುವುದಿಲ್ಲ. ಬಂದರೂ ಕೆಲಸಕ್ಕೆ ಬರುವುದಿಲ್ಲ. ಪಾಠ ತಯಾರಾಗಬೇಕಾದದ್ದು ಆ ಅರ್ಧ ನಿಮಿಷಕ್ಕೆ.

ಭಾಷಣದಿಂದ, ಹೆದರಿಕೆಯಿಂದ ಆಗುವುದಿಲ್ಲ ಅನ್ನುವುದು ಊಹೆಯಲ್ಲ, ದುಡ್ಡು ಸುರಿದು ಕಲಿತದ್ದು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಪೊಲೀಸ್ ಇಲಾಖೆ, ಶಾಲೆಗಳು ಸೇರಿ ‘ಡೇರ್’ ಎಂಬ ಮಾದಕ ವಸ್ತು ವಿರೋಧಿ ಕಾರ್ಯಕ್ರಮ ಶುರುಮಾಡಿದವು. ಸಮವಸ್ತ್ರ ತೊಟ್ಟ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ದೇಶವಿಡೀ ಹಬ್ಬಿತು, ಅಪ್ಪ ಅಮ್ಮಂದಿರಿಗೂ ಮೆಚ್ಚುಗೆಯಾಯಿತು. ಆಮೇಲೆ ಲೆಕ್ಕ ಹಾಕಿದರು. ಹಲವು ಮೌಲ್ಯಮಾಪನಗಳನ್ನು ಒಟ್ಟಿಗಿಟ್ಟು ನೋಡಿದ 1994ರ ವಿಶ್ಲೇಷಣೆಯಲ್ಲಿ ಮಕ್ಕಳ ಬಳಕೆಯ ಮೇಲೆ ಅದರ ಪರಿಣಾಮ ತೀರಾ ಅಲ್ಪವೆಂದು ಕಂಡಿತು. ಹತ್ತು ವರ್ಷ ಬಿಟ್ಟು ಅದೇ ಮಕ್ಕಳನ್ನು ಮತ್ತೆ ವಿಚಾರಿಸಿದ 1999ರ ಅಧ್ಯಯನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕೊನೆಗೆ 2009ರಲ್ಲಿ ಡೇರ್‌ನವರು ಹಳೆಯ ಪಠ್ಯವನ್ನು ಬಿಟ್ಟು, ನಿರಾಕರಿಸುವ ಕೌಶಲವನ್ನು ಅಭ್ಯಾಸ ಮಾಡಿಸುವ ಬೇರೆ ಪಠ್ಯ ತಂದರು.

ಅದೇ ದೇಶದ ಸರ್ಕಾರ 1998ರಿಂದ 2004ರವರೆಗೆ ನಡೆಸಿದ ಮಾದಕ ವಸ್ತು ವಿರೋಧಿ ಜಾಹೀರಾತು ಅಭಿಯಾನದ ಕತೆ ಇನ್ನೂ ಕೆಟ್ಟದು. ಬಳಕೆ ಇಳಿಯಲಿಲ್ಲ. ಬದಲಿಗೆ, ಜಾಹೀರಾತು ಹೆಚ್ಚು ನೋಡಿದ ಮಕ್ಕಳಲ್ಲಿ ‘ನನ್ನ ವಯಸ್ಸಿನ ಬಹಳ ಜನ ಗಾಂಜಾ ಸೇದುತ್ತಾರೆ’ ಎಂಬ ಭಾವನೆ ಬಲವಾದ ಸೂಚನೆ ಸಿಕ್ಕಿತು. ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ತಾನೇ 1998ರಲ್ಲಿ ‘ಯೋಚಿಸಿ, ಸೇದಬೇಡಿ’ ಎಂಬರ್ಥದ ಅಭಿಯಾನ ನಡೆಸಿತು. ಅದನ್ನು ನೋಡಿದ ಹುಡುಗರಲ್ಲಿ ಸೇದುವ ಮನಸ್ಸು ಹೆಚ್ಚಾಗಿತ್ತೆಂದು 2002ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಂಪನಿಗೆ ಅದರಿಂದ ನಷ್ಟವೇನೂ ಆಗಿರಲಾರದು ಬಿಡಿ.

ಹೆದರಿಕೆ ಏಕೆ ಕೈಕೊಡುತ್ತದೆ? ಮಗು ಸುತ್ತ ನೋಡುತ್ತದೆ. ‘ಒಂದು ಸಲ ಮುಟ್ಟಿದರೆ ಮುಗಿಯಿತು, ಜೀವನ ಹಾಳು’ ಎಂದು ವೇದಿಕೆಯ ಮೇಲೆ ಹೇಳಿರುತ್ತಾರೆ. ಮುಟ್ಟಿದವನು ಮರುದಿನ ಪಕ್ಕದ ಬೆಂಚಿನಲ್ಲಿ ನಗುತ್ತ ಕೂತಿರುತ್ತಾನೆ. ಒಂದು ಮಾತು ಸುಳ್ಳೆಂದು ಕಂಡ ಕೂಡಲೇ ಮಿಕ್ಕ ನಿಜಗಳೂ ಅದರ ಜೊತೆ ಕೊಚ್ಚಿಹೋಗುತ್ತವೆ. ಇನ್ನು ಅಪಾಯವನ್ನೇ ಹುಡುಕುವ ಸ್ವಭಾವದ ಮಕ್ಕಳಿರುತ್ತಾರೆ. ಭಯಾನಕವಾಗಿ ತೋರಿಸಿದಷ್ಟೂ ಅವರಿಗೆ ಅದು ಸಾಹಸವಾಗುತ್ತದೆ. ನಾವು ಯಾರನ್ನು ತಲುಪಬೇಕೋ ಅವರೇ ಇವರು.

ಚಟದಿಂದ ಹೊರಬಂದವರನ್ನು ಕರೆಸಿ ಅನುಭವ ಹೇಳಿಸುವ ರೂಢಿಯ ಬಗ್ಗೆಯೂ ಒಂದು ಮಾತು. ಅವರ ಉದ್ದೇಶ ಒಳ್ಳೆಯದು, ಧೈರ್ಯವೂ ದೊಡ್ಡದು. ಆದರೆ ಮಕ್ಕಳ ಕಣ್ಣಿಗೆ ಕಾಣುವುದು ಎಲ್ಲ ಮಾಡಿಯೂ ಬದುಕಿ ಬಂದು ಈಗ ಮೈಕ್ ಹಿಡಿದು ಚಪ್ಪಾಳೆ ತೆಗೆದುಕೊಳ್ಳುತ್ತಿರುವ ಮನುಷ್ಯ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಪರಿಷ್ಕರಿಸಿದ ಮಾನದಂಡಗಳು ಇದನ್ನೂ, ಬರೀ ಭಾಷಣವನ್ನೂ, ಹೆದರಿಸುವುದನ್ನೂ ಫಲ ಕೊಡದ ಅಥವಾ ತಿರುಗುಬಾಣವಾಗುವ ವಿಧಾನಗಳ ಸಾಲಿಗೆ ಸೇರಿಸಿವೆ. ಅವೇ ಮಾನದಂಡಗಳು ಫಲ ಕೊಟ್ಟದ್ದನ್ನೂ ಹೇಳುತ್ತವೆ: ವಾರಕ್ಕೊಂದರಂತೆ ಹತ್ತರಿಂದ ಹದಿನೈದು ಅವಧಿ, ತರಬೇತಿ ಪಡೆದ ಶಿಕ್ಷಕರು, ಮಕ್ಕಳೇ ಮಾತಾಡುವ ತರಗತಿ, ಮುಂದಿನ ವರ್ಷಗಳಲ್ಲಿ ಮತ್ತೆ ಕೆಲವು ಅವಧಿ. ಅಮೆರಿಕದ ಮನೋವಿಜ್ಞಾನಿ ಗಿಲ್ಬರ್ಟ್ ಬಾಟ್ವಿನ್ ರೂಪಿಸಿದ ಜೀವನ ಕೌಶಲ ತರಬೇತಿಯಲ್ಲಿ ಮೊದಲ ವರ್ಷ 15, ಎರಡನೇ ವರ್ಷ 10, ಮೂರನೇ ವರ್ಷ 5 ಅವಧಿಗಳಿವೆ. ಯುರೋಪಿನಲ್ಲಿ 12ರಿಂದ 14ರ ವಯಸ್ಸಿನವರಿಗೆಂದು ರೂಪಿಸಿದ ‘ಅನ್‌ಪ್ಲಗ್ಡ್’ ಪಠ್ಯದಲ್ಲಿ 12. ಒಂದು ದಿನದ ಕಾರ್ಯಕ್ರಮವನ್ನು ಇವುಗಳ ಪಕ್ಕದಲ್ಲಿಟ್ಟರೆ ಒಂದು ಹನಿ ಔಷಧ ನಾಲಿಗೆಗೆ ಸವರಿದಂತೆ.

ಮೊದಲ ಅವಧಿಗೆ ಚೀಟಿ ಸಾಕು. ಪ್ರತಿಯೊಬ್ಬರಿಗೂ ಒಂದೇ ಅಳತೆಯ ಕಾಗದ, ಒಂದೇ ಬಣ್ಣದ ಪೆನ್ನು. ಎರಡೇ ಪ್ರಶ್ನೆ. ಕಳೆದ 30 ದಿನಗಳಲ್ಲಿ ನೀನು ತಂಬಾಕು ಬಳಸಿದ್ದೀಯಾ, ಹೌದು ಅಥವಾ ಇಲ್ಲ. ನಿನ್ನ ವಯಸ್ಸಿನ ನೂರು ಜನರಲ್ಲಿ ಎಷ್ಟು ಮಂದಿ ಬಳಸಿರಬಹುದು, ಒಂದು ಸಂಖ್ಯೆ. ಹೆಸರು ಬೇಡ. ಮಡಿಸಿ ಡಬ್ಬಿಗೆ ಹಾಕಬೇಕು. ಎರಡನೆಯ ಪ್ರಶ್ನೆಯ ಉತ್ತರ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬಹಳ ದೊಡ್ಡದಾಗಿರುತ್ತದೆ. ‘ಎಲ್ಲರೂ ಮಾಡ್ತಾರೆ’ ಅನ್ನುವುದು ಹುಡುಗರ ತಲೆಯೊಳಗಿನ ಲೆಕ್ಕ, ಆ ಲೆಕ್ಕವೇ ತಪ್ಪು. ಇದನ್ನು ಮೇಷ್ಟ್ರು ಹೇಳಿದರೆ ನಂಬುವುದಿಲ್ಲ. ತಾವೇ ಬರೆದ ಚೀಟಿ ಹೇಳಿದರೆ ಸುಮ್ಮನಾಗುತ್ತಾರೆ.

ಇಲ್ಲಿ ಕೆಡುವುದಕ್ಕೂ ಜಾಗವಿದೆ. ಡಬ್ಬಿಯನ್ನು ಅಲ್ಲೇ ತೆರೆದು ಎಣಿಸಿದರೆ ಕೈಬರಹ ನೋಡಿ ಯಾರದೆಂದು ಗುರುತಿಸುತ್ತಾರೆ, ಅಂದಿನಿಂದ ಆ ತರಗತಿ ಬಾಯಿ ಬಿಡುವುದಿಲ್ಲ. ಮೂರ್ನಾಲ್ಕು ವಿಭಾಗಗಳ ಚೀಟಿ ಬೆರೆಸಿ, ಹೊರಗೆ ಎಣಿಸಿ, ಒಟ್ಟು ಮೊತ್ತವನ್ನಷ್ಟೇ ಮುಂದಿನ ವಾರ ಹೇಳಬೇಕು. ತಮಾಷೆಗೆ ‘ನೂರಕ್ಕೆ ಇನ್ನೂರು’ ಎಂದು ಬರೆದವು ಒಂದೆರಡು ಇದ್ದೇ ಇರುತ್ತವೆ, ಪಕ್ಕಕ್ಕಿಡಿ. ಅಕಸ್ಮಾತ್ ನಿಜವಾದ ಬಳಕೆಯೇ ಹೆಚ್ಚಿದ್ದರೆ ಆ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆಯಬಾರದು. ಆಗ ಮಾಡಬೇಕಾದ ಕೆಲಸ ಬೇರೆ, ಅದು ಶಿಕ್ಷಕರ ಕೊಠಡಿಯಲ್ಲಿ ಶುರುವಾಗಬೇಕು. ಇದೇ ಕಾರಣಕ್ಕೆ ‘ಇಂದಿನ ಯುವಜನತೆ ನಶೆಯಲ್ಲಿ ಮುಳುಗಿದೆ’ ಎಂಬ ಭಾಷಣದ ವಾಕ್ಯ ನಿರುಪದ್ರವಿಯಲ್ಲ. ಕೇಳಿದ ಹುಡುಗ ‘ಹಾಗಾದರೆ ನಾನೊಬ್ಬನೇ ಹೊರಗಿರುವುದು’ ಎಂದುಕೊಳ್ಳುತ್ತಾನೆ.

ಮಾಹಿತಿಯೇ ಬೇಡವೆಂದಲ್ಲ. ಮಗುವಿನ ಈ ವಾರಕ್ಕೆ ಸಂಬಂಧಿಸಿದ ಮಾಹಿತಿ ಬೇಕು. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನೊಳಗೆ ನಿಕೋಟಿನ್ ಮೆದುಳು ಸೇರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಸಿಡುಕು, ಚಡಪಡಿಕೆ, ಓದಿನಲ್ಲಿ ಮನಸ್ಸು ನಿಲ್ಲದಿರುವುದು. ಮತ್ತೆ ಸೇದಿದಾಗ ಅವು ಹೋಗುತ್ತವೆ. ಇದನ್ನೇ ಸೇದುವವರು ‘ಟೆನ್ಷನ್ ಕಡಿಮೆಯಾಗುತ್ತೆ’ ಅನ್ನುತ್ತಾರೆ. ಬಿಗಿ ಚಪ್ಪಲಿ ಹಾಕಿಕೊಂಡು ಎರಡು ಗಂಟೆಗೊಮ್ಮೆ ಬಿಚ್ಚಿ ‘ಆಹಾ, ಎಂಥಾ ಸುಖ’ ಅಂದಹಾಗೆ. ಈ ಹೋಲಿಕೆ ಕೊಟ್ಟರೆ ಮಕ್ಕಳೇ ಮುಂದಿನದನ್ನು ಹೇಳುತ್ತಾರೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಓಟದಲ್ಲಿ ಉಸಿರು ಬೇಗ ಕಟ್ಟುವುದಕ್ಕೆ ಮುಪ್ಪಿನವರೆಗೆ ಕಾಯಬೇಕಿಲ್ಲ. ಇ-ಸಿಗರೇಟಿನಿಂದ ಬರುವುದು ಬರೀ ನೀರಾವಿ ಎಂಬ ಮಾತು ತರಗತಿಯಲ್ಲಿ ಬಂದೇ ಬರುತ್ತದೆ. ಅದು ನೀರಾವಿಯಲ್ಲ, ಕಾಯಿಸಿದ ದ್ರಾವಣದ ಸೂಕ್ಷ್ಮ ಹನಿಗಳು, ಬಹುತೇಕ ನಿಕೋಟಿನ್ ಸಮೇತ. ಜಗಿಯುವ ತಂಬಾಕಿಗೆ ಹೊಗೆ ಇಲ್ಲವೆಂದು ಅದು ಸಲೀಸಲ್ಲ, ಬಾಯಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತು ಅದು.

ಪ್ಲಾಸ್ಟಿಕ್ ಬಾಟಲಿಗೆ ಉರಿಯುವ ಸಿಗರೇಟು ಸಿಕ್ಕಿಸಿ, ಹತ್ತಿ ಕಂದಾಗುವುದನ್ನು ತೋರಿಸುವ ಪ್ರಯೋಗ ಬಹಳ ಜನಪ್ರಿಯ. ತರಗತಿಗೆ ಸಿಗರೇಟು, ಬೆಂಕಿಪೊಟ್ಟಣ, ಹೊಗೆಯ ವಾಸನೆ ತರುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಆಸ್ತಮಾ ಇರುವ ಮಗು ಕೆಮ್ಮುತ್ತದೆ, ಈಗಾಗಲೇ ಸೇದುತ್ತಿರುವ ಮಗುವಿಗೆ ಆಸೆ ಕೆರಳುತ್ತದೆ. ತೋರಿಸಲೇಬೇಕೆಂದಿದ್ದರೆ ವಿಡಿಯೊ ಸಾಕು.

ಮದ್ಯದ ಪಾಠವನ್ನು ಗಣಿತದ ಮೇಷ್ಟ್ರು ತೆಗೆದುಕೊಂಡರೆ ಚೆನ್ನ. ಸೂತ್ರ ಒಂದೇ ಸಾಲು: ಮಿಲಿಲೀಟರ್ ಗುಣಿಸು ಶೇಕಡಾ ಪ್ರಮಾಣ, ಭಾಗಿಸು 100, ಗುಣಿಸು 0.789. ಸಿಗುವುದು ಶುದ್ಧ ಆಲ್ಕೋಹಾಲ್‌ನ ಗ್ರಾಂ. 330 ಮಿ.ಲೀ. ಬಿಯರ್, ಶೇ 5: ಸುಮಾರು 13 ಗ್ರಾಂ. 150 ಮಿ.ಲೀ. ವೈನ್, ಶೇ 12: ಸುಮಾರು 14 ಗ್ರಾಂ. 60 ಮಿ.ಲೀ. ವಿಸ್ಕಿ, ಶೇ 40: ಸುಮಾರು 19 ಗ್ರಾಂ. ಇನ್ನು ಶೇ 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯನ್ನು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಿ. 41 ಗ್ರಾಂ ಬರುತ್ತದೆ, ಅಂದರೆ 60ರ ಎರಡು ಪೆಗ್ಗಿಗಿಂತ ಹೆಚ್ಚು. ‘ಬಿಯರ್ ಎಣ್ಣೆಯಲ್ಲ ಗುರೂ’ ಅನ್ನುವ ಮಾತಿಗೆ ಇದಕ್ಕಿಂತ ಚೊಕ್ಕ ಉತ್ತರವಿಲ್ಲ. ಮುಂದಿನ ಲೆಕ್ಕ: ವಯಸ್ಕರ ದೇಹ ಗಂಟೆಗೆ ಕರಗಿಸುವುದು ಅಂದಾಜು 7ರಿಂದ 10 ಗ್ರಾಂ. ಹಾಗಾದರೆ ಆ ಒಂದು ಬಾಟಲಿ ಇಳಿಯಲು ನಾಲ್ಕರಿಂದ ಆರು ಗಂಟೆ. ಕಾಫಿ, ತಣ್ಣೀರು ಸ್ನಾನ, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ‘ಹಾಗಾದ್ರೆ ಎಷ್ಟು ಕುಡಿದರೆ ಪರವಾಗಿಲ್ಲ ಸರ್?’ ಎಂದು ಹಿಂದಿನ ಬೆಂಚಿನಿಂದ ಕೇಳುತ್ತಾರೆ. ಗದರಬೇಡಿ. ಮಿತಿಯ ಮಾತುಗಳೆಲ್ಲ ವಯಸ್ಕರಿಗೆ ಹೇಳಿದವು. ಆತುರಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಕ್ಕೆ, ಅಲ್ಲಿಯವರೆಗಿನ ಉತ್ತರ ಸೊನ್ನೆ ಎಂದು ನೇರವಾಗಿ ಹೇಳಿ ಮುಂದೆ ಹೋಗಿ.

ಇದೇ ಅವಧಿಯಲ್ಲಿ ಜೀವ ಉಳಿಸುವ ಪಾಠವೂ ಬರಬೇಕು. ಬಹಳ ಶಾಲೆಗಳು ಇದನ್ನು ಬಿಡುತ್ತವೆ, ಕಲಿಸಿದರೆ ಕುಡಿಯಲು ಒಪ್ಪಿಗೆ ಕೊಟ್ಟಂತಾಗುತ್ತದೆ ಎಂಬ ಅಂಜಿಕೆ. ಗೆಳೆಯ ಕುಡಿದು ಬಿದ್ದಿದ್ದಾನೆ, ಅಲುಗಾಡಿಸಿದರೂ ಏಳುತ್ತಿಲ್ಲ. ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ, ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ. ಮೈ ತಣ್ಣಗಿದೆ, ತುಟಿ ನೀಲಿ. ಇದರಲ್ಲಿ ಒಂದು ಕಂಡರೂ ಆಂಬ್ಯುಲೆನ್ಸ್ ಕರೆಯಬೇಕು. ಅಂಗಾತ ಮಲಗಿಸಬಾರದು, ವಾಂತಿ ಬಂದರೆ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟುತ್ತದೆ. ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ, ಬಾಯಿ ನೆಲದ ಕಡೆಗೆ ವಾಲುವಂತೆ ತಲೆ ಇಡಬೇಕು. ವಾಂತಿ ಮಾಡಿಸಲು ಹೋಗಬಾರದು. ‘ಮಲಗಲಿ ಬಿಡು, ಬೆಳಗ್ಗೆ ಸರಿಹೋಗ್ತಾನೆ’ ಎಂದು ಒಬ್ಬನನ್ನೇ ಬಿಟ್ಟು ಹೋಗಲೇಬಾರದು, ಕುಡಿಯುವುದು ನಿಂತ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಏರುತ್ತಲೇ ಇರುತ್ತದೆ. ಚಾಪೆ ಹಾಸಿ ಇಬ್ಬಿಬ್ಬರಾಗಿ ಮಾಡಿಸಿ; ಐದು ನಿಮಿಷದ ಕೆಲಸ. ಹುಡುಗರು ಸಹಾಯಕ್ಕೆ ಕರೆಯದಿರುವುದು ತಿಳಿವಳಿಕೆ ಇಲ್ಲದೆ ಮಾತ್ರವಲ್ಲ, ಮನೆಗೆ ಗೊತ್ತಾಗುತ್ತದೆ, ಶಾಲೆಯಿಂದ ಹಾಕುತ್ತಾರೆ ಎಂಬ ಭಯಕ್ಕೂ. ಸಹಾಯ ಕೇಳಿ ಬಂದವರಿಗೆ ಶಿಕ್ಷೆಯಿಲ್ಲ ಎಂದು ಶಾಲೆ ಮೊದಲೇ ತೀರ್ಮಾನಿಸಿ, ಮುಖ್ಯೋಪಾಧ್ಯಾಯರ ಬಾಯಿಂದಲೇ ಹೇಳಿಸದಿದ್ದರೆ ಈ ಪಾಠ ಅರ್ಧಂಬರ್ಧ.

ಮಾದಕ ವಸ್ತುಗಳ ಅವಧಿಯಲ್ಲಿ ಶಿಕ್ಷಕರು ಬೀಳುವ ಹಳ್ಳ ಒಂದೇ, ಪಟ್ಟಿ. ಇದರ ಹೆಸರು ಇದು, ಬೀದಿಯಲ್ಲಿ ಹೀಗೆ ಕರೆಯುತ್ತಾರೆ, ನೋಡಲು ಹೀಗಿರುತ್ತದೆ, ಹೀಗೆ ತೆಗೆದುಕೊಳ್ಳುತ್ತಾರೆ. ಇದು ಎಚ್ಚರಿಕೆಯ ವೇಷದಲ್ಲಿರುವ ಕೈಪಿಡಿ. ಅದರಲ್ಲೂ ಮೂಸುವ ದ್ರಾವಕಗಳ ವಿಷಯದಲ್ಲಿ ಯಾವ ಸಾಮಾನಿನಲ್ಲಿ ಏನಿದೆ ಎಂದು ಹೇಳಿಕೊಡಬಾರದು, ಅವು ಮಗುವಿನ ಕೈಗೆಟುಕುವ ಸಾಮಾನುಗಳು. ರಸಾಯನಶಾಸ್ತ್ರದ ಪಾಠದಲ್ಲಿ ವಿಷಾನಿಲಗಳ ಎಚ್ಚರಿಕೆಯ ಭಾಗವಾಗಿ ಒಂದೇ ಮಾತು ಹೇಳಿದರೆ ಸಾಕು: ಇವು ಹೃದಯದ ಬಡಿತದ ಲಯವನ್ನೇ ಕೆಡಿಸಿ ಮೊದಲ ಸಲವೇ ಕೊಲ್ಲಬಲ್ಲವು. ಇದು ಉತ್ಪ್ರೇಕ್ಷೆಯಲ್ಲವಾದ್ದರಿಂದ ಹೇಳಬಹುದು. ಗಾಂಜಾ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ಬಳಸಿದವರಲ್ಲಿ ನೂರಕ್ಕೆ ಸುಮಾರು 9 ಮಂದಿ ಅದಕ್ಕೆ ಅಂಟಿಕೊಳ್ಳುತ್ತಾರೆ, ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಸುಮಾರು 17 ಎಂಬುದು ಹೆಚ್ಚಾಗಿ ಬಳಕೆಯಲ್ಲಿರುವ ಅಂದಾಜು. ಹೆಚ್ಚಿನವರು ಅಂಟಿಕೊಳ್ಳುವುದಿಲ್ಲ ಎಂಬುದೂ ಇದರಲ್ಲೇ ಇದೆ, ಅದನ್ನು ಮುಚ್ಚಿಡುವುದು ಬೇಡ. ವಯಸ್ಸು ಚಿಕ್ಕದಾದಷ್ಟೂ ಅಪಾಯ ಹೆಚ್ಚು ಎಂಬ ಮಾತನ್ನು ನಂಬಿಸಲು ಈ ಪ್ರಾಮಾಣಿಕತೆಯೇ ಬಂಡವಾಳ. ಮಾತ್ರೆಗಳದ್ದು ಮತ್ತೊಂದು ಬಗೆ. ನಿದ್ದೆ ಮಾತ್ರೆ, ಅಫೀಮು ವರ್ಗದ ನೋವಿನ ಮಾತ್ರೆ, ಇವು ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ನಿಧಾನಗೊಳಿಸಿ ನಿಲ್ಲಿಸಬಲ್ಲವು. ಒಬ್ಬರಿಗೆ ಬರೆದ ಚೀಟಿಯ ಔಷಧ ಇನ್ನೊಬ್ಬರಿಗಲ್ಲ ಎಂಬುದನ್ನು ಮನೆಯ ಔಷಧದ ಡಬ್ಬಿಯಿಂದಲೇ ಶುರುಮಾಡಬಹುದು.

ಈಗ ಆ ಅರ್ಧ ನಿಮಿಷ. ಮೂರು ಮೂರು ಜನರ ಗುಂಪು: ಒಬ್ಬ ಕೊಡುವವನು, ಒಬ್ಬ ಬೇಡ ಅನ್ನುವವನು, ಒಬ್ಬ ನೋಡುವವನು. ಕೈಯಲ್ಲಿ ಪೆನ್ನೋ ಮಡಿಸಿದ ಕಾಗದವೋ ಇರಲಿ, ನಿಜವಾದ ಪ್ಯಾಕೆಟ್ ಬೇಡ. ಕೊಡುವವನ ಮಾತುಗಳನ್ನು ಹಿಂದಿನ ಅವಧಿಯಲ್ಲೇ ಮಕ್ಕಳಿಂದ ಬರೆಸಿಟ್ಟುಕೊಳ್ಳಿ. ‘ಮಗಾ, ಒಂದೇ ಒಂದು.’ ‘ಹೆದರ್ಕೊಂಡ್ಯಾ?’ ‘ಇಷ್ಟು ದಿನ ಫ್ರೆಂಡ್ ಅಂದ್ಕೊಂಡಿದ್ದೆ.’ ಮೇಷ್ಟ್ರು ಬರೆದ ಸಂಭಾಷಣೆ ಎಂದಿಗೂ ಇಷ್ಟು ಚುಚ್ಚುವುದಿಲ್ಲ. ಮೂವತ್ತು ಸೆಕೆಂಡು, ಗಡಿಯಾರ ನೋಡಿ ನಿಲ್ಲಿಸಿ, ಪಾತ್ರ ಬದಲಿಸಿ. ಪ್ರತಿ ಮಗುವೂ ಕನಿಷ್ಠ ಮೂರು ಸಲ ಬಾಯಿ ತೆರೆದು ಬೇಡ ಅನ್ನಬೇಕು.

ಮೊದಲ ಸುತ್ತು ನಗೆಯಲ್ಲೇ ಹೋಗುತ್ತದೆ, ಹೋಗಲಿ. ಎರಡನೇ ಸುತ್ತಿನಲ್ಲಿ ಕಾಣುವ ತಪ್ಪು ಬೇರೆ. ಹುಡುಗ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂದು ಪುಸ್ತಕದ ಕನ್ನಡದಲ್ಲಿ ಶುರುಮಾಡುತ್ತಾನೆ. ಬೀದಿಯಲ್ಲಿ ಹಾಗೆ ಮಾತಾಡಿದರೆ ಅಲ್ಲೇ ಗೇಲಿ ಮಾಡುತ್ತಾರೆ. ಕಾರಣ ಉದ್ದವಾದಷ್ಟೂ ಎದುರಿನವನಿಗೆ ವಾದಿಸಲು ಜಾಗ ಸಿಗುತ್ತದೆ. ‘ಬೇಡ ಕಣೋ, ನಂಗಿಷ್ಟ ಇಲ್ಲ.’ ಮತ್ತೆ ಕೇಳಿದರೆ ಮತ್ತೆ ಅದೇ ಮಾತು, ಅದೇ ದನಿ. ಮೂರನೇ ಸಲಕ್ಕೆ ‘ನಡಿ, ಆಟ ಶುರುವಾಯ್ತು’ ಎಂದು ಕಾಲು ಕೀಳುವುದು. ಅಮ್ಮನ ಮೇಲೋ ಕೋಚ್ ಮೇಲೋ ಹಾಕಿ ‘ಗೊತ್ತಾದ್ರೆ ಟೀಮಿಂದ ತೆಗೀತಾರೆ’ ಅನ್ನುವುದೂ ಸರಿಯೇ. ಮರ್ಯಾದೆ ಉಳಿಸಿಕೊಂಡು ತಪ್ಪಿಸಿಕೊಳ್ಳುವುದಕ್ಕೆ ನೈತಿಕ ಅಂಕ ಕಳೆಯಬೇಕಿಲ್ಲ. ನೋಡುವವನು ಮೂರೇ ವಿಷಯ ಗಮನಿಸಬೇಕು: ಕಣ್ಣು ಎತ್ತಿದನೇ, ದನಿ ಕೇಳಿಸಿತೇ, ಕಾಲು ಹೊರಟಿತೇ. ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ. ಅಮಲೇರಿದವನ ಪಾತ್ರ ಯಾರಿಗೂ ಇಲ್ಲ. ತರಗತಿಯ ಒಳ್ಳೆಯ ನಟ ಅದನ್ನೇ ಕೇಳುತ್ತಾನೆ, ಕೊಟ್ಟರೆ ಆ ದಿನದ ಚಪ್ಪಾಳೆಯೆಲ್ಲ ಕುಡುಕನಿಗೆ ಹೋಗುತ್ತದೆ.

ಹದಿಹರೆಯದವರಿಗೆ ಸಾಯುವ ಭಯಕ್ಕಿಂತ ಮೋಸಹೋಗುವ ಅವಮಾನ ದೊಡ್ಡದು. ಆರ್.ಜೆ. ರೆನಾಲ್ಡ್ಸ್ ಸಿಗರೇಟು ಕಂಪನಿಯ 1984ರ ಒಳಗಿನ ವರದಿಯೊಂದು, ಹಳೆಯ ಗಿರಾಕಿಗಳ ಜಾಗ ತುಂಬಲು ಎಳೆಯ ವಯಸ್ಕ ಸೇದುಗರೇ ಏಕೈಕ ಮೂಲ ಎಂಬರ್ಥದ ಮಾತು ಬರೆದುಕೊಂಡಿತ್ತು. ಇದನ್ನು ಓದಿ ಹೇಳಿ, ‘ಹಳೆಯ ಗಿರಾಕಿಗಳು ಎಲ್ಲಿ ಹೋಗುತ್ತಾರೆ?’ ಎಂದಷ್ಟೇ ಕೇಳಿ ಸುಮ್ಮನಿರಿ. ಅಮೆರಿಕದಲ್ಲಿ 2000ದಲ್ಲಿ ಶುರುವಾದ ‘ಟ್ರೂತ್’ ಅಭಿಯಾನ ನಡೆದದ್ದು ಇದೇ ದಾರಿಯಲ್ಲಿ. ಸಿಗರೇಟು ಕಂಪನಿಯ ಕಚೇರಿಯೆದುರು ಯುವಕರು 1,200 ಹೆಣದ ಚೀಲಗಳನ್ನು ರಾಶಿ ಹಾಕಿದ್ದರು. ಅದು ಹುಡುಗರಿಗೆ ‘ಸೇದಬೇಡ’ ಅನ್ನಲಿಲ್ಲ, ‘ನಿನ್ನನ್ನು ಯಾರು ಆಡಿಸುತ್ತಿದ್ದಾರೆ ನೋಡು’ ಅಂದಿತು.

ಪಾಠ ನಡೆಯುತ್ತಿರುವಾಗ ನೆನಪಿಡಬೇಕಾದ ಇಬ್ಬರು ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ. ಒಬ್ಬಳ ಮನೆಯಲ್ಲಿ ಅಪ್ಪ ಕುಡಿಯುತ್ತಾನೆ. ‘ಕುಡುಕರ ಮನೆ ಹಾಳು’ ಎಂಬ ವಾಕ್ಯ ಅವಳಿಗೆ ಪಾಠವಲ್ಲ, ಎಲ್ಲರೆದುರು ಬಿದ್ದ ಏಟು. ಇನ್ನೊಬ್ಬ ಈಗಾಗಲೇ ಸೇದುತ್ತಿದ್ದಾನೆ. ಅವನಿಗೆ ಕಪ್ಪು ಶ್ವಾಸಕೋಶದ ಬದಲು ಬ್ರಿಟನ್ನಿನ ವೈದ್ಯರ ಮೇಲೆ 1951ರಲ್ಲಿ ಶುರುವಾಗಿ ಐವತ್ತು ವರ್ಷ ನಡೆದ ಅಧ್ಯಯನದ ಫಲ ಹೇಳಿ: ಸೇದುತ್ತಲೇ ಹೋದವರು ಸರಾಸರಿ ಹತ್ತು ವರ್ಷ ಮೊದಲು ಸತ್ತರು, ಮೂವತ್ತಕ್ಕೆ ಬಿಟ್ಟವರು ಆ ಹತ್ತು ವರ್ಷವನ್ನೂ ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಂಡರು. ಬಿಟ್ಟ ಮೊದಲ ಕೆಲವು ದಿನ ಕಷ್ಟ, ಆಮೇಲೆ ಕೆಲವೇ ವಾರಗಳಲ್ಲಿ ಚಡಪಡಿಕೆ ಇಳಿಯುತ್ತದೆ ಎಂದೂ ತಿಳಿಸಿ. ಸಿಕ್ಕಿಬಿದ್ದ ಹುಡುಗನನ್ನು ಶಾಲೆಯಿಂದ ಹೊರಹಾಕುವುದು ಸುಲಭ. ಹೊರಗೆ ಅವನಿಗೆ ಉಳಿಯುವ ಸಂಗ ಯಾವುದೆಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ.

ತರಗತಿಯೊಂದರಿಂದಲೇ ಎಲ್ಲ ಆಗಿಬಿಡುತ್ತದೆ ಎಂಬ ಭ್ರಮೆಯೂ ಬೇಡ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15-16ರ ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದೆವು ಎಂದಿದ್ದರು. 2016ಕ್ಕೆ ಅದು ಶೇ 5ಕ್ಕೆ ಇಳಿಯಿತು. ದಿನವೂ ಸೇದುವವರು ಶೇ 23ರಿಂದ 3ಕ್ಕೆ. ಅಲ್ಲಿ ಬದಲಾದದ್ದು ಪಠ್ಯಕ್ಕಿಂತ ಹೆಚ್ಚಾಗಿ ಮಕ್ಕಳ ಸಂಜೆ: ಆಟ, ಸಂಗೀತಕ್ಕೆ ಸಾರ್ವಜನಿಕ ಹಣ, ರಾತ್ರಿ ಹೊರಗಿರುವ ಹೊತ್ತಿಗೆ ಮಿತಿ, ಅಪ್ಪ ಅಮ್ಮಂದಿರ ನಡುವೆ ಒಪ್ಪಂದ, ವರ್ಷ ವರ್ಷವೂ ಸಮೀಕ್ಷೆ. ಸಂಜೆ ನಾಲ್ಕರಿಂದ ಏಳರವರೆಗೆ ಮಕ್ಕಳು ಎಲ್ಲಿರುತ್ತಾರೆ ಎಂದು ಶಾಲೆ ಒಮ್ಮೆ ಕೇಳಿ ನೋಡಿದರೂ ಸಾಕಷ್ಟು ತಿಳಿಯುತ್ತದೆ.

ಕೊನೆಯ ಅವಧಿಗೆ ಮತ್ತೆ ಅದೇ ಚೀಟಿ, ಅದೇ ಎರಡು ಪ್ರಶ್ನೆ. ನಿಕೋಟಿನ್ ಬಗ್ಗೆ ಪರೀಕ್ಷೆ ಇಟ್ಟರೆ ಎಲ್ಲರೂ ಪಾಸಾಗುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಮೂರನೆಯ ಪ್ರಶ್ನೆ ಸೇರಿಸಿ: ‘ನಿನಗೋ ನಿನ್ನ ಗೆಳೆಯನಿಗೋ ಈ ತೊಂದರೆ ಬಂದರೆ ಈ ಶಾಲೆಯಲ್ಲಿ ಯಾರ ಹತ್ತಿರ ಹೋಗುತ್ತೀಯಾ?’ ಆ ಜಾಗವನ್ನು ಖಾಲಿ ಬಿಟ್ಟ ಚೀಟಿಗಳನ್ನು ಬೇರೆಯಾಗಿ ಎಣಿಸಿ. ಮುಂದಿನ ವರ್ಷದ ಅವಧಿಗಳನ್ನು ಯೋಜಿಸಲು ಕೂರುವಾಗ ಮೇಜಿನ ಮೇಲೆ ಮೊದಲು ಇರಬೇಕಾದದ್ದು ಆ ಸಂಖ್ಯೆ.